ಅಲ್ಯೂಮಿನಿಯಂ ಕೆಲಸಕ್ಕೆ ಪುಟ್ಟ ಮಿಲ್ಲಿಂಗ್ ಮಷಿನ್: ದುಡ್ಡು ಕೊಡುವ ಮುನ್ನ ಕೈಯಾಡಿಸಿ ನೋಡಿ

ಡ್ರಿಲ್ಲಿಂಗ್ ಮಷಿನ್ ಇದೆಯಲ್ಲ, ಅದಕ್ಕೇ ಒಂದು ಎಂಡ್ ಮಿಲ್ (ಪಕ್ಕದಿಂದಲೂ ಕೊರೆಯುವ ಕಟ್ಟರ್) ಸಿಕ್ಕಿಸಿದರೆ ಸಾಲದೇ? ನಾನೂ ಹೀಗೇ ಅಂದುಕೊಂಡಿದ್ದೆ. ಕಟ್ಟರ್ ಅಲ್ಯೂಮಿನಿಯಂ ಪಟ್ಟಿಯ ಅಂಚು ಕೊರೆಯತೊಡಗಿದ ಸ್ವಲ್ಪ ಹೊತ್ತಿಗೆ, ಅದನ್ನು ಹಿಡಿದಿದ್ದ ಚಕ್ ಸಮೇತ ಕಳಚಿ ಬಿದ್ದು, ಟೇಬಲ್ ಮೇಲೆ ಬುಗುರಿಯ ಹಾಗೆ ಓಡಾಡಿತು. ಡ್ರಿಲ್ ಚಕ್ಕನ್ನು ಹಿಡಿದಿರುವುದು ಬರೀ ಟೇಪರ್‌ನ, ಅಂದರೆ ಶಂಕುವಿನಾಕಾರದ ತುದಿಯ, ಬಿಗಿ. ಮೇಲಿನಿಂದ ಒತ್ತಿದರೆ ಗಟ್ಟಿಯಾಗುತ್ತದೆ, ಪಕ್ಕದಿಂದ ತಳ್ಳಿದರೆ ಸಡಿಲವಾಗುತ್ತದೆ. ಮಿಲ್ಲಿಂಗ್ ಮಷಿನ್‌ನಲ್ಲಿ ಡ್ರಾ ಬಾರ್ ಎಂಬ ಉದ್ದನೆಯ ಬೋಲ್ಟ್ ಕಟ್ಟರ್ ಹಿಡಿಕೆಯನ್ನು ಮೇಲಿನಿಂದ ಎಳೆದು ಕಟ್ಟಿಟ್ಟಿರುತ್ತದೆ. ಹಾಗಾಗಿ ಮಿಲ್ಲಿಂಗ್ ಮಷಿನ್ ಬೇಕೇ ಬೇಕು.

ಮೊದಲು ನಿಮ್ಮ ಅತಿ ದೊಡ್ಡ ಜಾಬ್‌ನ, ಅಂದರೆ ಕೊರೆಯಬೇಕಾದ ತುಂಡಿನ, ಅಳತೆ ಬರೆದುಕೊಳ್ಳಿ. ಉದ್ದ, ಅಗಲ ಎಲ್ಲರೂ ನೋಡುತ್ತಾರೆ. ಎಡವುವುದು ಎತ್ತರದಲ್ಲಿ. ಟೇಬಲ್ಲಿಗೂ ಸ್ಪಿಂಡಲ್‌ಗೂ (ಕಟ್ಟರನ್ನು ತಿರುಗಿಸುವ ದಂಡ) ನಡುವಿನ ಜಾಗದಲ್ಲಿ ಜಾಬ್ ಹಿಡಿಯುವ ವೈಸ್, ಕಟ್ಟರ್ ಹಿಡಿಯುವ ಕೋಲೆಟ್ ಚಕ್, ಕಟ್ಟರ್ ಮೂರೂ ಸೇರಿ ಹತ್ತಿರ ಹತ್ತಿರ 200 ಮಿ.ಮೀ. ತಿಂದುಬಿಡುತ್ತವೆ. ಜಾಬ್‌ಗೆ ಉಳಿದದ್ದೆಷ್ಟು, ಲೆಕ್ಕ ಹಾಕಿ.

ಆಮೇಲೆ ತೂಕ ಕೇಳಿ. ಮೋಟರ್ ಎಷ್ಟು ವಾಟ್ ಅನ್ನುವುದಕ್ಕಿಂತ ಇದು ಮುಖ್ಯ. ಅಲ್ಯೂಮಿನಿಯಂ ಮೆತ್ತಗಿರಬಹುದು, ಆದರೆ ಹಗುರ ಮಷಿನ್ ನಡುಗಿದರೆ ಅದರ ಮೈಮೇಲೆ ಅಲೆ ಅಲೆ ಗೆರೆ ಬೀಳುತ್ತದೆ. 3018 ಎಂದು ಮಾರುವ ಅಗ್ಗದ ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ರೌಟರ್ ಸರ್ಕಿಟ್ ಬೋರ್ಡಿಗೆ, ಹೆಸರು ಕೆತ್ತುವುದಕ್ಕೆ ಸರಿ. ಅದರಲ್ಲಿ 10 ಮಿ.ಮೀ. ದಪ್ಪದ ಪ್ಲೇಟ್ ಕೊರೆಯಲು ಕೂತರೆ ತಾಳ್ಮೆ ಮುಗಿಯುತ್ತದೆ. ಎಕ್ಸ್‌2 ವರ್ಗದ ಮಿನಿ ಮಿಲ್ 50-60 ಕೆ.ಜಿ. ಇರುತ್ತದೆ. ಬ್ರಾಕೆಟ್, ಸಣ್ಣ ಪುಲ್ಲಿ, ಮೋಟರ್ ಮೌಂಟ್‌ಗೆ ಸಾಕು. ಇವುಗಳಲ್ಲಿ ಹಲವಕ್ಕೆ ಒಳಗೆ ಪ್ಲಾಸ್ಟಿಕ್ ಗಿಯರ್ ಇರುತ್ತದೆ, ಕಟ್ಟರ್ ಜಾಮ್ ಆದರೆ ಅದರ ಹಲ್ಲು ಹೋಗುತ್ತದೆ. ಬೆಲ್ಟ್ ಇರುವುದು ಸಿಕ್ಕಿದರೆ ಅದನ್ನೇ ತಗೊಳ್ಳಿ.

ಪೀಣ್ಯದ ಕಡೆ ಹಳೆ ಎಚ್‌ಎಂಟಿ ಎಫ್‌ಎನ್‌2 ಎಂಬ ದೊಡ್ಡ ಮಿಲ್ಲಿಂಗ್ ಮಷಿನ್ ಕಂಡರೆ ಯಾರಿಗಾದರೂ ಮನಸ್ಸು ಜಾರುತ್ತದೆ. ಗಟ್ಟಿ ಮಷಿನ್, ಎರಡು ಮಾತಿಲ್ಲ. ಆದರೆ ಅದಕ್ಕೆ ಮೂರು ಫೇಸ್ ಕರೆಂಟ್, ಕ್ರೇನ್, ಗಟ್ಟಿ ನೆಲ ಎಲ್ಲ ಬೇಕು. ಮನೆಯ ಗ್ಯಾರೇಜಿಗೆ ಅದು ಆನೆ ಸಾಕಿದ ಹಾಗೆ.

ಮಷಿನ್ ತಲೆಯನ್ನು (ಮೋಟರ್, ಸ್ಪಿಂಡಲ್ ಇರುವ ಭಾಗ) ಹೊತ್ತ ಕಂಬವನ್ನು ಮರೆಯಬೇಡಿ. ದುಂಡು ಕಂಬದ ಮಷಿನ್ ಅಗ್ಗ. ಆದರೆ ಡ್ರಿಲ್ ತೆಗೆದು ಕಟ್ಟರ್ ಹಾಕಲು ತಲೆಯನ್ನು ಮೇಲೆತ್ತಿದಿರೋ, ಅದು ಕಂಬದ ಸುತ್ತ ತಿರುಗಿಬಿಡುತ್ತದೆ. ಜಾಬ್ ಮೇಲೆ ಸರಿಯಾಗಿ ಕೂಡಿಸಿದ್ದ ಸೆಂಟರ್ ಹೋಯಿತು, ಮತ್ತೆ ಮೊದಲಿಂದ. ತಲೆ ತಿರುಗದಂತೆ ಹಿಡಿಯುವ, ಓರೆ ಅಂಚಿನ ಡವ್‌ಟೇಲ್ ಕಂಬಕ್ಕೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ವೇಗದ ಬಗ್ಗೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. 10 ಮಿ.ಮೀ. ಕಟ್ಟರ್ ನಿಮಿಷಕ್ಕೆ 2500 ಸುತ್ತು ತಿರುಗಿದರೆ ಅದರ ಅಂಚು ಸುಮಾರು 78 ಮೀಟರ್ ಓಡುತ್ತದೆ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಕಟ್ಟರ್‌ಗೆ ಅಷ್ಟು ಸಾಕು. 3 ಮಿ.ಮೀ. ಕಟ್ಟರ್‌ಗೆ ಅದೇ 2500ರಲ್ಲಿ 24 ಮೀಟರ್ ಮಾತ್ರ ಸಿಗುತ್ತದೆ. ಕೆಲಸ ನಿಧಾನವಾಗುತ್ತದೆ, ನಿಲ್ಲುವುದಿಲ್ಲ.

ಈಗ ಅಂಗಡಿಗೆ ಹೋಗಿ. ಜೇಬಲ್ಲಿ ಡಯಲ್ ಗೇಜ್ (ತೀರಾ ಸಣ್ಣ ಅಲುಗಾಟವನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಇರಲಿ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ, ದುಡ್ಡು ನಿಮ್ಮದು ಅಲ್ವಾ? ಗೇಜನ್ನು ಟೇಬಲ್ ಮೇಲೆ ನಿಲ್ಲಿಸಿ, ಅದರ ತುದಿಯನ್ನು ಸ್ಪಿಂಡಲ್ ಪಕ್ಕಕ್ಕೆ ತಾಗಿಸಿ, ಮುಳ್ಳನ್ನು ಸೊನ್ನೆಗೆ ಕೂಡಿಸಿ. ಮಷಿನ್ ತಲೆಯನ್ನು ಕೈಯಿಂದ ಒಮ್ಮೆ ತಳ್ಳಿ, ಬಿಡಿ. ಮುಳ್ಳು ಅಲುಗುವುದು ಸಹಜ. ವಾಪಸ್ ಸೊನ್ನೆಗೆ ಬರದಿದ್ದರೆ ಎಲ್ಲೋ ಸಡಿಲವಿದೆ. ಗಿಬ್ (ಜಾರುವ ಭಾಗಗಳ ಸಡಿಲ ತೆಗೆಯುವ ಪಟ್ಟಿ) ಬಿಗಿ ಮಾಡಿಸಿ ಮತ್ತೆ ನೋಡಿ. ಆಮೇಲೆ ಗೇಜನ್ನು ಸ್ಪಿಂಡಲ್‌ಗೆ ಕಟ್ಟಿ, ಕೈಯಲ್ಲೇ ತಿರುಗಿಸುತ್ತಾ ಟೇಬಲ್‌ನ ಎಡಕ್ಕೂ ಬಲಕ್ಕೂ ಮುಟ್ಟಿಸಿ. ಎರಡೂ ಕಡೆ ಬೇರೆ ಬೇರೆ ಅಂಕಿ ಬಂದರೆ ತಲೆ ವಾಲಿದೆ. ಅದನ್ನು ಸರಿಮಾಡಲು ದಾರಿ ಇದೆಯೇ, ಕೇಳಿ. ಕೊನೆಗೆ ಹ್ಯಾಂಡಲ್ ಹಿಂದೆ ಮುಂದೆ ತಿರುಗಿಸಿ. ಟೇಬಲ್ ಅಲುಗುವ ಮುಂಚೆ ಹ್ಯಾಂಡಲ್ ಖಾಲಿ ತಿರುಗುವುದೇ ಪ್ಲೇ. 0.1-0.2 ಮಿ.ಮೀ. ಇದ್ದರೆ ಹೊಂದಿಕೊಳ್ಳಬಹುದು. ಅರ್ಧ ಮಿಲಿಮೀಟರ್ ಇದ್ದರೆ ಬಿಟ್ಟುಬಿಡಿ, ಕಟ್ಟರ್ ಒಮ್ಮೊಮ್ಮೆ ಜಾಬನ್ನೇ ಎಳೆದುಕೊಂಡು ಮುರಿಯುತ್ತದೆ.

ಕೈಯಲ್ಲಿ ನೂರು ರೂಪಾಯಿ ಇದ್ದರೆ ಮಷಿನ್‌ಗೆ 65 ಇಡಿ, ಅದರೊಳಗೇ ಜಿಎಸ್‌ಟಿ, ಸಾಗಾಟ ಬರಲಿ. ಮಿಕ್ಕಿದ್ದು ವೈಸ್, ಇಆರ್ ಎಂಬ ಮಾದರಿಯ ಕೋಲೆಟ್ ಸೆಟ್, ಕ್ಲ್ಯಾಂಪ್, ಕಟ್ಟರ್‌ಗಳಿಗೆ. ಕಟ್ಟರ್ ಎರಡು ಅಥವಾ ಮೂರು ಹಲ್ಲಿನದಿರಲಿ. ನಾಲ್ಕು ಹಲ್ಲಿನದರಲ್ಲಿ ಚಿಪ್ಸ್ ಹೊರಬರಲು ಜಾಗ ಕಮ್ಮಿ. ಟಿಐಎಎಲ್‌ಎನ್ (ಟೈಟಾನಿಯಂ ಅಲ್ಯೂಮಿನಿಯಂ ನೈಟ್ರೈಡ್) ಕೋಟಿಂಗ್‌ನಲ್ಲೇ ಅಲ್ಯೂಮಿನಿಯಂ ಇರುವುದರಿಂದ ಜಾಬ್ ಅದಕ್ಕೆ ಅಂಟಿಕೊಳ್ಳುತ್ತದೆ. ಕೋಟಿಂಗ್ ಇಲ್ಲದ, ಪಳಪಳ ಹೊಳೆಯುವ ಕಟ್ಟರ್ ತಗೊಳ್ಳಿ. ಕಲಿಯಲು 6061 ಅಥವಾ 6082 ದರ್ಜೆಯ ಅಲ್ಯೂಮಿನಿಯಂ ತುಂಡು ಕೇಳಿ. ಗುಜರಿಯ ಮೆತ್ತನೆ ಅಲ್ಯೂಮಿನಿಯಂ ಕಟ್ಟರ್ ಹಲ್ಲಿಗೆ ಚ್ಯೂಯಿಂಗ್ ಗಮ್ ಥರ ಮೆತ್ತಿಕೊಳ್ಳುತ್ತದೆ.

ಮಷಿನ್ ಮನೆಗೆ ಬಂದ ಮೇಲೆ ಡಯಲ್ ಗೇಜ್ ಪರೀಕ್ಷೆ ಇನ್ನೊಮ್ಮೆ ಮಾಡಿ, ಲಾರಿ ಕುಲುಕಾಟಕ್ಕೆ ತಲೆ ವಾಲಿರಬಹುದು. ಸೇಫ್ಟಿ ಕನ್ನಡಕ ಹಾಕಿಕೊಳ್ಳಿ. ಗ್ಲೌಸ್ ಮಾತ್ರ ಬೇಡ, ತಿರುಗುವ ಕಟ್ಟರ್ ಅದನ್ನು ಬೆರಳ ಸಮೇತ ಎಳೆದುಕೊಳ್ಳುತ್ತದೆ. ಚಿಪ್ಸ್ ಗುಡಿಸಲು ಒಂದು ಹಳೇ ಪೇಂಟ್ ಬ್ರಷ್ ಸಾಕು, ಅದೂ ಸ್ಪಿಂಡಲ್ ನಿಂತ ಮೇಲೆ.