ಹಳೆ ಜೀಪಿನ ಚಾಸಿ, ಸ್ಪ್ರಿಂಗ್ ಮತ್ತೆ ಕಟ್ಟುವುದು ಹೇಗೆ?

ಹುಬ್ಬಳ್ಳಿ ಗೋಕುಲ ರಸ್ತೆಯ ನನ್ನ ಗ್ಯಾರೇಜಿಗೆ ಬರುವ ಹಳೆ ಮಹೀಂದ್ರಾ ಜೀಪುಗಳ ಬಣ್ಣ ಫಳಫಳ ಇರುತ್ತದೆ. ಚಾಸಿ, ಅಂದರೆ ಬಾಡಿ ಹೊತ್ತ ಅಡಿಯ ಕಬ್ಬಿಣದ ಚೌಕಟ್ಟು, ನೋಡಿದರೆ ತುಕ್ಕು. ನವಲಗುಂದ, ಗದಗ ಕಡೆಯ ಎರೆ ಮಣ್ಣು ಒಳಗೆ ಹೊಕ್ಕರೆ ತೇವ ಬಿಡುವುದಿಲ್ಲ ಅಲ್ವಾ? ಬಾಡಿ ಇಳಿಸಿ, ಮೊದಲು ಪ್ರೆಶರ್ ನೀರು ಹೊಡೆದು ಮಣ್ಣು ಕಳೆಯಿರಿ. ಆಮೇಲೆ ಸ್ಪ್ರಿಂಗನ್ನು ಚಾಸಿಗೆ ಹಿಡಿದಿಡುವ ಹ್ಯಾಂಗರ್ ಸುತ್ತ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ, ತುಕ್ಕು ತಿಂದದ್ದು ಬದ್ ಅನ್ನುತ್ತದೆ.

ಈಗ ಅಳತೆ. ಇಲ್ಲಿ ಅವಸರ ಬೇಡ. ಚಾಸಿಯನ್ನು ನಾಲ್ಕು ಸ್ಟ್ಯಾಂಡ್ ಮೇಲೆ ಲೆವೆಲ್ಲಾಗಿ ಕೂರಿಸಿ. ಹ್ಯಾಂಗರ್ ತೂತುಗಳಿಂದ ಗೌಂಡಿಗಳ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿ. ಆ ಗುರುತುಗಳ ನಡುವೆ ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಟೇಪ್ ಹಿಡಿದರೆ ಎರಡೂ ಅಳತೆ ಒಂದೇ ಬರಬೇಕು. 3 ಮಿಲಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಚಾಸಿ ಸೊಟ್ಟ ಅಂತಲೇ ಲೆಕ್ಕ. ಅದನ್ನು ಎಳೆಸಿ ಸರಿ ಮಾಡಿಸದೆ ವೆಲ್ಡಿಂಗ್‌ಗೆ ಕೈ ಹಾಕಬೇಡಿ.

ತುಕ್ಕು ತಿಂದ ಭಾಗ ಕತ್ತರಿಸಿ, ಅಷ್ಟೇ ದಪ್ಪದ ತಗಡು ಕೂರಿಸಿ. ಒಂದೇ ಸಮನೆ ಉದ್ದಕ್ಕೆ ಬೆಸೆದರೆ ಕಾವಿಗೆ ಚಾಸಿ ಎಳೆದುಕೊಳ್ಳುತ್ತದೆ. ಆಚೆ ಒಂದಿಂಚು, ಈಚೆ ಒಂದಿಂಚು ಬೆಸೆಯಿರಿ. ಚಾಸಿ ನಂಬರ್ ಹತ್ತಿರ ಮಾತ್ರ ಗ್ರೈಂಡರ್ ತಾಗಿಸಬೇಡಿ, ಆಮೇಲೆ ಆರ್‌ಟಿಒದಲ್ಲಿ ಉತ್ತರ ಕೊಡುವವರು ಯಾರು?

ಸ್ಪ್ರಿಂಗ್ ಪ್ಲೇಟ್ ಬಿಚ್ಚಿ, ಉಜ್ಜಿ, ನಡುವೆ ಗ್ರಾಫೈಟ್ ಗ್ರೀಸ್ ಹಚ್ಚಿ. ಸೀಳಿದ ಪ್ಲೇಟಿಗೆ ವೆಲ್ಡಿಂಗ್ ಬೇಡವೇ ಬೇಡ, ಹದ ಹೋಗುತ್ತದೆ. ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಹಳೆ ಯು-ಬೋಲ್ಟ್ ಗುಜರಿಗೆ ಹಾಕಿ. ಸ್ಪ್ರಿಂಗ್ ತುದಿಯ ತೂತಿನಲ್ಲಿ ರಬ್ಬರ್ ಬುಷ್ ಇದ್ದರೆ, ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ನಂತರವೇ ಶ್ಯಾಕಲ್ (ಸ್ಪ್ರಿಂಗ್ ತುದಿಯ ಅಲ್ಲಾಡುವ ಕೊಂಡಿ) ಬೋಲ್ಟ್ ಪೂರ್ತಿ ಬಿಗಿ ಮಾಡಿ. ಇಲ್ಲದಿದ್ದರೆ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ. ನೂರಿನ್ನೂರು ಕಿಲೋಮೀಟರ್ ಓಡಿಸಿ, ಯು-ಬೋಲ್ಟ್‌ಗೆ ಮತ್ತೊಮ್ಮೆ ಪಾನಾ ಹಾಕಿ.