ಅಡಿಕೆ ಜೋಡಿಸಿ ಕಟ್ಟಿದ ಊರು

ನಮ್ಮಜ್ಜಿಯ ಊರು ಲಿಂಗನಮಕ್ಕಿ ಹಿನ್ನೀರಿನ ಅಡಿಯಲ್ಲಿದೆ. 1964ರಲ್ಲಿ ಅಣೆಕಟ್ಟು ಮುಗಿದಾಗ ಅವಳಿಗೆ ಇಪ್ಪತ್ತೆರಡು. ಆ ಊರಿನ ಒಂದು ಫೋಟೋ ಕೂಡ ನಮ್ಮಲ್ಲಿಲ್ಲ. ಗಾಡಿಯಲ್ಲಿ ಹೇರಿ ತಂದ ಹೆಬ್ಬಾಗಿಲಿನ ಚೌಕಟ್ಟು ಮಾತ್ರ ಉಳಿದಿದೆ.

ಮೊದಲ ಸಲ ಮೊಬೈಲ್ ಎದುರಿಟ್ಟು "ಮುಳುಗಡೆ ಕಥೆ ಹೇಳಜ್ಜಿ" ಎಂದೆ. "ಎಂತ ಹೇಳದು ಮಾರಾಯ, ನೀರು ಬಂತು, ನಾವು ಬಂದ್ವಿ" ಅಂದು ಸುಮ್ಮನಾದಳು.

ಇನ್ನೊಂದು ದಿನ ಜಗಲಿಯಲ್ಲಿ ಅಡಿಕೆ ಆರಿಸುತ್ತಿದ್ದಳು. "ನಿಮ್ಮನೆ ಎಲ್ಲಿತ್ತು, ಒಂದು ಅಡಿಕೆ ಇಟ್ಟು ತೋರಿಸು" ಎಂದೆ. ಇಟ್ಟಳು. ಪಕ್ಕದಲ್ಲಿ ಕೊಟ್ಟಿಗೆಗೊಂದು, ಬಾವಿಗೊಂದು. ಪೊರಕೆ ಕಡ್ಡಿ ದಾರಿಯಾಯಿತು, ಮಡಚಿದ ಟವೆಲ್ಲು ಹೊಳೆಯಾಯಿತು. ಹದಿನೇಳು ಮನೆ ಎದ್ದು ನಿಂತವು. ಒಂದೊಂದು ಅಡಿಕೆ ಇಡುವಾಗಲೂ ಆ ಮನೆಯ ಬಾಣಂತನ, ಜಗಳ, ಸಾವು ತಾನಾಗಿಯೇ ಬಾಯಿಗೆ ಬಂತು. ಕೇಳಿದರೆ ಬಾರದ ಮಾತು ಕೈಯಾಡಿದರೆ ಬರುತ್ತದೆಂದು ಅವತ್ತೇ ಗೊತ್ತಾದದ್ದು.

ಮರುದಿನ ಮತ್ತೆ ಕೂರಿಸಿ ಚಿತ್ರೀಕರಿಸಿದೆ. ಎರಡು ಕುರ್ಚಿಯ ಮೇಲೆ ಹಲಗೆ ಅಡ್ಡವಿಟ್ಟು, ಒಂದು ಮೊಬೈಲಿನ ಕ್ಯಾಮೆರಾ ನೆಲ ನೋಡುವಂತೆ ಕಟ್ಟಿದೆ. ಇನ್ನೊಂದು ಅಜ್ಜಿಯ ಮೊಣಕಾಲ ಹತ್ತಿರ, ಧ್ವನಿಗೆ ಮಾತ್ರ. ಎರಡೂ ಏರೋಪ್ಲೇನ್ ಮೋಡಿನಲ್ಲಿ, ಫ್ಯಾನ್ ಬಂದ್. ಶುರುವಿಗೊಂದು ಚಪ್ಪಾಳೆ ತಟ್ಟಿದ್ದರಿಂದ ಆಮೇಲೆ ಚಿತ್ರಕ್ಕೂ ಧ್ವನಿಗೂ ತಾಳೆ ಹಾಕುವುದು ಸುಲಭವಾಯಿತು.

ಎಡಿಟಿಂಗಿನಲ್ಲಿ ನಾನು ಎಡವಿದೆ. ಅಜ್ಜಿ ಸುಮ್ಮನಿದ್ದ ಜಾಗವನ್ನೆಲ್ಲ ಕತ್ತರಿಸಿದ್ದೆ. ಅತ್ತೆ ನೋಡಿ, "ಅಮ್ಮ ಇಷ್ಟು ಬಿರಬಿರನೆ ಯಾವತ್ತು ಮಾತಾಡಿದ್ದಾಳೆ?" ಅಂದರು. ಎಲ್ಲವನ್ನೂ ವಾಪಸ್ ಸೇರಿಸಿದೆ. ಬಾವಿಯ ಅಡಿಕೆ ಹಿಡಿದು ಅವಳು ಹನ್ನೊಂದು ಸೆಕೆಂಡ್ ಸುಮ್ಮನೆ ಕೂತಿದ್ದಾಳೆ. ಇಡೀ ವಿಡಿಯೊದಲ್ಲಿ ನನಗೆ ಅದೇ ಮುಖ್ಯ.

ಮನೆಗೊಂದರಂತೆ ಎರಡು–ಮೂರು ನಿಮಿಷದ ತುಣುಕು ಮಾಡಿ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದೆ. ವಿಡಿಯೊವಾಗಿ ಕಳಿಸಿದರೆ ಗುಣಮಟ್ಟ ಇಳಿಯುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಬೇಕು. ಮೂಲ ಫೈಲು ಎರಡು ಕಡೆ ಇರಲೇಬೇಕು. ಬೇಸಿಗೆಯಲ್ಲಿ ನೀರಿಳಿದು, ಅದೇ ಹಿನ್ನೀರಿನಲ್ಲಿ ಮುಳುಗಿರುವ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಂಡಾಗ ದಡಕ್ಕೆ ಹೋಗಿ ಅಲೆಯ ಸದ್ದು ಹಿಡಿದು ತಂದೆ. ಪ್ರತಿ ತುಣುಕೂ ಅದರಿಂದಲೇ ಶುರುವಾಗುತ್ತದೆ. ಹಾಡು ಯಾವುದೂ ಹಾಕಲಿಲ್ಲ.

ಹೆಬ್ಬಾಗಿಲ ಚೌಕಟ್ಟಿಗೆ ಈಗೊಂದು ಕ್ಯೂಆರ್ ಚೀಟಿ ಅಂಟಿಸಿದ್ದೇನೆ. ಮೊಬೈಲ್ ಹಿಡಿದರೆ ಆ ಬಾಗಿಲು ದಾಟಿ ಹೊರಟ ದಿನದ ಮಾತು ಅಜ್ಜಿಯದೇ ದನಿಯಲ್ಲಿ ಕೇಳುತ್ತದೆ.

ದೊಡ್ಡಪ್ಪ ವಾಯ್ಸ್ ಮೆಸೇಜ್ ಕಳಿಸಿದ್ದಾರೆ: "ಬಾವಿ ಅಲ್ಲಲ್ಲ, ಮನೆ ಹಿಂದೆ." ಅಜ್ಜಿ ಒಪ್ಪುತ್ತಿಲ್ಲ. ಯಾರ ಮಾತನ್ನೂ ಅಳಿಸಿಲ್ಲ, ಎರಡನ್ನೂ ಇಟ್ಟಿದ್ದೇನೆ. ಅಡಿಕೆಯ ಕೊನೆಕೊಯ್ಲಿಗೆ ದೊಡ್ಡಪ್ಪ ಬರುತ್ತಾರೆ. ಆಗ ಇಬ್ಬರನ್ನೂ ಅದೇ ಹಲಗೆಯ ಕೆಳಗೆ ಕೂರಿಸುತ್ತೇನೆ.