ಕಾಲೇಜಿನಲ್ಲಿ ಲೈಂಗಿಕ ಕಿರುಕುಳ: ದೂರು ಕೊಡುವುದು ಹೇಗೆ, ಗುಟ್ಟು ಉಳಿಯುತ್ತಾ?

ತಪ್ಪು ನಿಮ್ಮದಲ್ಲ. ನಡೆದದ್ದನ್ನು ದಿನಾಂಕ, ಜಾಗ, ಹತ್ತಿರ ಇದ್ದವರ ಹೆಸರು ಸಮೇತ ಇವತ್ತೇ ಬರೆದಿಡಿ, ಸಿಟ್ಟಲ್ಲಿ ಮೆಸೇಜ್ ಡಿಲೀಟ್ ಮಾಡಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ. ಆಮೇಲೆ ಕಾಲೇಜಿನ ಆಂತರಿಕ ದೂರು ಸಮಿತಿಗೆ ಬರೆದು ಕೊಡಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2015ರ ನಿಯಮದಂತೆ ಘಟನೆ ನಡೆದ 3 ತಿಂಗಳೊಳಗೆ ಕೊಡಬೇಕು. ತಡವಾಗಲು ಸರಿಯಾದ ಕಾರಣ ಇದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು.

ಇನ್ನು ಗುಟ್ಟಿನ ವಿಷಯ. ನಿಮ್ಮ ಹೆಸರನ್ನು ಬಹಿರಂಗ ಮಾಡುವಂತಿಲ್ಲ, ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನಲ್ಲೇ ಹಾಗಿದೆ. ಆದರೆ ದೂರಿನ ಪ್ರತಿ ಆರೋಪಿಯ ಕೈಗೂ ಹೋಗುತ್ತದೆ, ಇದನ್ನು ಮೊದಲೇ ತಿಳಿದಿರಿ. ಆರೋಪಿ ನಿಮ್ಮ ಮೇಷ್ಟ್ರೇ ಆಗಿದ್ದು, ಅವರ ಕ್ಲಾಸಲ್ಲಿ ಕೂರಲು ಭಯವಾದರೆ ಬೇರೆ ವ್ಯವಸ್ಥೆ ಮಾಡಿಕೊಡಿ ಅಂತ ಸಮಿತಿಯನ್ನು ಕೇಳಿ, ಸಂಕೋಚ ಬೇಡ. ನಿಮಗೆ 18 ತುಂಬಿಲ್ಲ ಅಂದರೆ ಮಾತ್ರ, ಪೋಕ್ಸೊ (ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಕಾಯ್ದೆ) ಪ್ರಕಾರ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಕೌನ್ಸೆಲರ್ ಕೂಡ.